ಕೋಸಿನ ಪಾತಿಯ ಪಕ್ಕದ ಗಿಡ

2025 ರ ಪಾಸ್ಖ ಹಬ್ಬ ಮುಗಿದು ಎರಡು ವಾರಗಳಾಗಿದ್ದವು. ಭಾನುವಾರದ ಎರಡನೆಯ ಬಲಿಪೂಜೆಯ ನಂತರ ಜನರು ಚದುರುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ದೇವಾಲಯದ ಪಕ್ಕದ ಬಾಗಿಲಲ್ಲಿ ನನಗಾಗಿ ಕಾದು ನಿಂತಿದ್ದರು. ಅವರ ಕಿರಿಯ ಮಗ ಮೂರು ವರ್ಷಗಳಿಂದ ಜರ್ಮನಿಯಲ್ಲಿ ಇಂಜಿನಿಯರ್ ಆಗಿದ್ದಾನೆ. ಅವನು ಕಳುಹಿಸಿದ ಒಂದು ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ನನ್ನ ಮುಂದೆ ಹಿಡಿದರು. ಕಿಟಕಿಯ ಅಂಚಿನಲ್ಲಿ ಸಾಲಾಗಿ ಕುಂಡಗಳು: ಟೊಮೇಟೊ ಸಸಿಗಳು, ಮೂಲಂಗಿ, ಸಬ್ಬಸಿಗೆ, ಅಂಗಡಿಯಿಂದ ಅಡುಗೆಗೆ ತಂದದ್ದರಲ್ಲೇ ಒಂದು ಹಿಡಿ ಚೆಲ್ಲಿ ಎಬ್ಬಿಸಿದ ಮೆಂತ್ಯ. ಕೊನೆಯ ಕುಂಡದಲ್ಲಿ ಬಿಡಿಸಿದ ಬೆರಳುಗಳಂತಹ ಎಲೆಗಳ ಒಂದು ಎಳೆಯ ಗಿಡ.

“ನಮ್ಮ ತವರು ರಾಯಚೂರು ಕಡೆ ಫಾದರ್. ಇದು ಪುಂಡಿ ಸೊಪ್ಪು ಅಂತಲೇ ತಿಳಿದೆ. ಸಂತೋಷಪಟ್ಟು ಕೇಳಿದರೆ ಅವನು ನಕ್ಕ,” ಎಂದರು.

ಅದು ಪುಂಡಿಯಾಗಿರಲಿಲ್ಲ, ಗಾಂಜಾ ಗಿಡ. ಅಲ್ಲಿ ಕಾನೂನೇ ಅನುಮತಿ ಕೊಟ್ಟಿದೆಯೆಂದು ಮಗ ಹೇಳಿದನಂತೆ. ತಾಯಿ ಗಾಬರಿಯಾದಾಗ ಇನ್ನೊಂದು ಮಾತನ್ನೂ ಸೇರಿಸಿದನಂತೆ: “ಅಮ್ಮಾ, ಹಿಂದೆ ಮಠಗಳಲ್ಲಿ ಸನ್ಯಾಸಿಗಳೇ ಇದನ್ನು ತರಕಾರಿಯ ಜೊತೆ ಬೆಳೆಯುತ್ತಿದ್ದರು, ಬೇಕಾದರೆ ನಿಮ್ಮ ಫಾದರನ್ನೇ ಕೇಳು.” ಆ ತಾಯಿ ನಿಜವಾಗಿಯೂ ಕೇಳಲು ಬಂದಿದ್ದರು. ಇದು ಹೌದೇ, ಅಲ್ಲವೇ?

ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯನ್ನು ಓದಿದವನು ನಾನು. ಆದರೂ ಹೌದೆಂದಾಗಲೀ ಅಲ್ಲವೆಂದಾಗಲೀ ಹೇಳಲಾಗದೆ ಒಂದು ವಾರದ ಸಮಯ ಕೇಳಿಕೊಂಡೆ. ಆ ವಾರದ ಓದಿನ ಫಲವೇ ಈ ಲೇಖನ.

ಯುರೋಪಿನ ತೋಟಗಳ ಇತಿಹಾಸವನ್ನು ಅರಸುವವರು ಮೊದಲು ನಿಲ್ಲುವುದು ಕ್ರಿ.ಶ. 800 ರ ಆಸುಪಾಸಿನಲ್ಲಿ, ಚಕ್ರವರ್ತಿ ಶಾರ್ಲಮೇನನ ಕಾಲದಲ್ಲಿ, ರಾಜಮನೆತನದ ಜಮೀನುಗಳ ಆಡಳಿತಕ್ಕಾಗಿ ಹೊರಟ ಒಂದು ಆಜ್ಞಾಪತ್ರದ ಬಳಿ. ಅದರಲ್ಲಿ 70 ಅಧ್ಯಾಯಗಳಿವೆ. ಕೊನೆಯ ಅಧ್ಯಾಯವು ತೋಟದಲ್ಲಿ ಇರಲೇಬೇಕಾದ ಗಿಡಗಳ ಪಟ್ಟಿ. ಎಪ್ಪತ್ತಕ್ಕೂ ಹೆಚ್ಚು ಸಸ್ಯಗಳ ಆ ಪಟ್ಟಿಯನ್ನು ಓದುತ್ತಿದ್ದರೆ ನಮ್ಮ ಮನೆಯ ಹಿತ್ತಲಿಗೇ ಬಂದಂತಾಗುತ್ತದೆ: ಕೋಸು, ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಬಟಾಣಿ, ಸೌತೆ, ಸೋರೆ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಸಬ್ಬಸಿಗೆ. ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿಗಳು ಮಾತ್ರ ಇಲ್ಲ. 1492 ರ ನಂತರವಷ್ಟೇ ಅವು ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ತೋಟಗಾರನು ತನ್ನ ಮನೆಯ ಮಾಡಿನ ಮೇಲೂ ಒಂದು ಗಿಡವನ್ನು ಬೆಳೆಸಿಕೊಳ್ಳಬೇಕೆಂಬ ಸೂಚನೆ ಆ ಪಟ್ಟಿಯಲ್ಲಿದೆ. ಚಕ್ರವರ್ತಿಯ ಗಮನ ಅಲ್ಲಿಯವರೆಗೂ ಹೋಗಿತ್ತು!

ಈ ಪಟ್ಟಿಯಲ್ಲಿ ಗಾಂಜಾ ಗಿಡವಿಲ್ಲ. ಆದರೆ 62ನೆಯ ಅಧ್ಯಾಯದಲ್ಲಿ ಅದು ಸಿಗುತ್ತದೆ. ಪ್ರತಿಯೊಬ್ಬ ಮೇಲ್ವಿಚಾರಕನು ಕ್ರಿಸ್ತಜಯಂತಿಯ ಹೊತ್ತಿಗೆ ಲೆಕ್ಕ ಒಪ್ಪಿಸಬೇಕು. ಧಾನ್ಯವೆಷ್ಟು, ಕಾಳೆಷ್ಟು, ಜೇನೆಷ್ಟು, ಉಣ್ಣೆ, ಅಗಸೆನಾರು, ‘ಕನಾವ’ ಎಷ್ಟು ಎಂದು ಅದು ಕೇಳುತ್ತದೆ. ಆ ‘ಕನಾವ’ವೇ ಇಂದಿನ ಕ್ಯಾನಬಿಸ್, ಇಂಗ್ಲಿಷರ ಹೆಂಪ್. ಅದು ಬರುವುದು ಉಣ್ಣೆ ಮತ್ತು ಅಗಸೆನಾರಿನ ಸಾಲಿನಲ್ಲಿ, ಅಂದರೆ ಬಟ್ಟೆ ಮತ್ತು ಹಗ್ಗದ ಸಾಲಿನಲ್ಲಿ. ತಿನ್ನುವ, ಕುಡಿಯುವ, ಮದ್ದು ಅರೆಯುವ ಸಾಲಿನಲ್ಲಿ ಅಲ್ಲ.

ಇನ್ನು ಮಠಗಳ ಮಾತು. ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದಲ್ಲಿ ಸುಮಾರು 820 ರ ಒಂದು ಚರ್ಮಪತ್ರದ ನಕ್ಷೆ ಇಂದಿಗೂ ಉಳಿದಿದೆ. ಒಂದು ಮಾದರಿ ಮಠ ಹೇಗಿರಬೇಕೆಂಬುದನ್ನು ಅದರಲ್ಲಿ ಬರೆದಿದ್ದಾರೆ. ತರಕಾರಿ ತೋಟಕ್ಕೆ 18 ಪಾತಿಗಳು, ಯಾವ ಪಾತಿಗೆ ಯಾವ ಗಿಡವೆಂದು ಹೆಸರು ಸಹಿತ. ಕೋಸು ಇದೆ, ಈರುಳ್ಳಿ ಇದೆ, ಕೊತ್ತಂಬರಿ ಇದೆ, ಹೆಂಪ್ ಇಲ್ಲ. ಅದೇ ಶತಮಾನದಲ್ಲಿ ರೈಕೆನೌ ದ್ವೀಪದ ಮಠಾಧ್ಯಕ್ಷನಾಗಿದ್ದ ವಾಲಾಫ್ರಿಡ್ ಸ್ಟ್ರಾಬೊ ತನ್ನ ಕೈತೋಟದ ಬಗ್ಗೆ ಲತೀನಿನಲ್ಲಿ ಒಂದು ಕಾವ್ಯವನ್ನೇ ಬರೆದಿದ್ದಾನೆ. ಚಳಿಗಾಲ ಕಳೆದು ವಸಂತ ಬಂದಾಗ ಅಂಗಳದ ತುಂಬ ತುರುಚೆಗಿಡ ಹಬ್ಬಿರುವುದನ್ನು ಕಂಡು ತಾನೇ ನೆಲ ಅಗೆದು, ಬೇರು ಕಿತ್ತು, ಹಲಗೆಗಳಿಂದ ಪಾತಿ ಕಟ್ಟಿದ ಬಗೆಯನ್ನು ಅವನು ವಿವರಿಸುತ್ತಾನೆ. ಕೈಗೆ ಮಣ್ಣು ಮೆತ್ತಿಕೊಳ್ಳದವನು ಹೀಗೆ ಬರೆಯಲಾರ. ಅವನ ತೋಟದಲ್ಲೂ ಹೆಂಪ್ ಇಲ್ಲ. ಆದರೆ ಗಸಗಸೆ ಇದೆ! ಗಸಗಸೆ ಸಂತ ಗಾಲ್ ನಕ್ಷೆಯಲ್ಲೂ ಇದೆ, ಶಾರ್ಲಮೇನನ ಪಟ್ಟಿಯಲ್ಲೂ ಇದೆ. ಅಫೀಮಿನ ತಾಯಿಗಿಡ ಮಠದ ಪಾತಿಯಲ್ಲಿ ನಿಂತಿದ್ದರೆ ಅದನ್ನು ಯಾರೂ ಪ್ರಶ್ನಿಸಲಿಲ್ಲ.

ಮಠಗಳ ಹೊಲಗಳಲ್ಲಿ ಹೆಂಪ್ ಇದ್ದದ್ದು ನಿಜ. ನಾರಿಗಾಗಿ ಬೆಳೆದರು. ಅದರ ಮೇಲೆ ಕಣ್ಣಿಟ್ಟು ಬರೆದವರಲ್ಲಿ ಮುಖ್ಯಳು 12ನೆಯ ಶತಮಾನದ ಸಂತ ಹಿಲ್ಡೆಗಾರ್ಡ್. ಜರ್ಮನಿಯ ಬಿಂಗೆನ್ ಬಳಿಯ ಮಠದ ಈ ಮಾತೆಯನ್ನು 2012 ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು. ಗಿಡಮೂಲಿಕೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಆಕೆ ಹೆಂಪಿನ ಬೀಜ ಆರೋಗ್ಯವಂತರಿಗೆ ಹಿತವೆನ್ನುತ್ತಾಳೆ. ಅದರ ಬಟ್ಟೆಯನ್ನು ಹುಣ್ಣು, ಗಾಯಗಳಿಗೆ ಸುತ್ತಬಹುದೆನ್ನುತ್ತಾಳೆ. ತಲೆ ದುರ್ಬಲವಾಗಿರುವವರಿಗೆ ಮಾತ್ರ ಅದನ್ನು ತಿಂದರೆ ತಲೆನೋವು ಬರುವುದೆಂದು ಎಚ್ಚರಿಸುತ್ತಾಳೆ. ಈ ಕೊನೆಯ ಮಾತನ್ನು ಓದಿ ಆಕೆಗೆ ಅಮಲಿನ ಗುಣ ತಿಳಿದಿತ್ತೆಂದು ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇದೇ ಬಗೆಯ ಎಚ್ಚರಿಕೆಗಳನ್ನು ಆಕೆ ಅನೇಕ ತರಕಾರಿಗಳ ವಿಷಯದಲ್ಲೂ ಕೊಡುತ್ತಾಳೆ.

ಮಠಕ್ಕಿಂತಲೂ ಈ ಗಿಡ ನಿಕಟವಾಗಿದ್ದದ್ದು ಬಡವರ ಮನೆಗೆ. ಫ್ರಾನ್ಸ್, ಇಂಗ್ಲೆಂಡ್, ಜರ್ಮನಿ, ಪೋಲೆಂಡ್ ದೇಶಗಳ ಹಳ್ಳಿಗಳಲ್ಲಿ ಮನೆಗೆ ತಾಗಿದಂತೆ, ತರಕಾರಿ ಪಾತಿಗಳ ಪಕ್ಕದಲ್ಲಿ, ಒಂದು ತುಂಡು ನೆಲ ಹೆಂಪಿಗೆ ಮೀಸಲಾಗಿರುತ್ತಿತ್ತು. ಅದು ಹೊಟ್ಟೆಬಾಕ ಗಿಡ, ಕೊಟ್ಟಿಗೆಯ ಗೊಬ್ಬರವೆಲ್ಲ ಅದಕ್ಕೆ ಬೇಕು. ಆದ್ದರಿಂದ ದೂರದ ಹೊಲಕ್ಕಿಂತ ಹಿತ್ತಲೇ ಅದಕ್ಕೆ ತಕ್ಕ ಜಾಗ. ವಸಂತದಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ, ಬಟಾಣಿ ಮತ್ತು ಕೋಸಿನ ಕೆಲಸದ ನಡುವೆಯೇ ಬಿತ್ತನೆ. ಜುಲೈ ಕಳೆಯುವಷ್ಟರಲ್ಲಿ ಆಳೆತ್ತರ ಮೀರುತ್ತದೆ. ಸಂತ ಸ್ನಾನಿಕ ಯೊವಾನ್ನರ ಹಬ್ಬದ ಬೆಂಕಿಯನ್ನು ಹಾರುವಾಗ ಎಷ್ಟು ಎತ್ತರ ಹಾರುತ್ತೇವೋ ಅಷ್ಟೆತ್ತರ ಹೆಂಪ್ ಬೆಳೆಯುತ್ತದೆಂಬ ನಂಬಿಕೆ ದಕ್ಷಿಣ ಜರ್ಮನಿಯ ಹಳ್ಳಿಗರಲ್ಲಿತ್ತು.

ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಗಿಡ ಪರಾಗ ಚೆಲ್ಲಿ ಬೇಗ ಒಣಗುತ್ತದೆ, ಅದರ ನಾರು ನಯ. ಅದನ್ನು ಮೊದಲು ಕಿತ್ತು, ಹೆಣ್ಣು ಗಿಡವನ್ನು ಬೀಜ ಬಲಿಯುವವರೆಗೆ ಬಿಡುತ್ತಿದ್ದರು. ತಮಾಷೆಯೆಂದರೆ ಹಳ್ಳಿಗರು ಸಣಕಲಾಗಿದ್ದ ಗಂಡು ಗಿಡವನ್ನೇ ‘ಹೆಣ್ಣು’ ಎಂದು ಕರೆದರು. ಇಂಗ್ಲಿಷಿನ ಹಳೆಯ ‘ಫಿಂಬಲ್’ ಎಂಬ ಹೆಸರು ಬಂದದ್ದು ಹೆಣ್ಣು ಎಂಬ ಪದದಿಂದಲೇ. ದೃಢವಾಗಿ ನಿಂತು ಬೀಜ ಹೊತ್ತದ್ದನ್ನು ಗಂಡೆಂದರು. ಹೊತ್ತು ಹೆರುವವರನ್ನು ಗುರುತಿಸುವುದರಲ್ಲಿ ಮನುಷ್ಯರು ಎಡವಿದ್ದು ಇದೊಂದೇ ಸಲವಲ್ಲ! ಈ ಬೇರ್ಪಡಿಸುವ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಮನೆಯ ಹೆಂಗಸರು. 16ನೆಯ ಶತಮಾನದ ಇಂಗ್ಲಿಷ್ ರೈತಕವಿ ಥಾಮಸ್ ಟಸ್ಸರ್ ತನ್ನ ಕೃಷಿಪಂಚಾಂಗದಂತಹ ಪದ್ಯಗ್ರಂಥದಲ್ಲಿ ಈ ಕೆಲಸವನ್ನು ಗೃಹಿಣಿಗೇ ವಹಿಸುತ್ತಾನೆ.

ಆಮೇಲೆ ನೀರಿನಲ್ಲಿ ಕೊಳೆಹಾಕುವುದು. ನಮ್ಮ ಕರಾವಳಿಯಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕಿದ ಹಿನ್ನೀರಿನ ಬಳಿ ನಡೆದವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಒಣಗಿಸಿ, ಬಡಿದು, ಬಾಚಿ, ಚಳಿಗಾಲದ ಉದ್ದನೆಯ ರಾತ್ರಿಗಳಲ್ಲಿ ನೂತು, ಮನೆಯ ಅಂಗಿ, ಹಾಸಿಗೆಯ ಹೊದಿಕೆ, ಚೀಲ, ಹಗ್ಗಗಳನ್ನು ಮಾಡಿಕೊಳ್ಳುತ್ತಿದ್ದರು. ದೇವಾಲಯದ ಗಂಟೆಯ ಹಗ್ಗವೂ ಅದೇ, ಮೀನುಗಾರನ ಬಲೆಯೂ ಅದೇ. ‘ಕ್ಯಾನ್ವಾಸ್’ ಎಂಬ ಮಾತು ಹುಟ್ಟಿದ್ದೇ ‘ಕ್ಯಾನಬಿಸ್’ನಿಂದ. ಅಂಗಿ ಹರಿದು ಚಿಂದಿಯಾದರೆ ಅದೂ ವ್ಯರ್ಥವಲ್ಲ. ಯುರೋಪಿನ ಹಳೆಯ ಕಾಗದವೆಲ್ಲ ಅಗಸೆನಾರು ಮತ್ತು ಹೆಂಪಿನ ಚಿಂದಿಗಳಿಂದ ತಯಾರಾದದ್ದು. ಬೀಜವೂ ಅಡುಗೆಗೆ ಬರುತ್ತಿತ್ತು. ಪೋಲೆಂಡಿನ ಸಿಲೇಸಿಯಾ ಪ್ರಾಂತ್ಯದ ಕಥೋಲಿಕ ಮನೆಗಳಲ್ಲಿ ಕ್ರಿಸ್ತಜಯಂತಿಯ ಮುನ್ನಾದಿನದ ಊಟಕ್ಕೆ ಹೆಂಪ್ ಬೀಜದ ಸಾರು ಮಾಡುವ ಸಂಪ್ರದಾಯವಿದೆ.

ರಾಜರಿಗೂ ಇದು ಬೇಕಾಗಿತ್ತು, ಹಡಗುಗಳಿಗೆ. 1533 ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿ, ಅರವತ್ತು ಎಕರೆ ಉಳುವವನು ಕಾಲು ಎಕರೆಯಲ್ಲಿ ಅಗಸೆ ಅಥವಾ ಹೆಂಪನ್ನು ಬಿತ್ತಲೇಬೇಕೆಂದು ಕಾನೂನು ಮಾಡಿದ. ರೋಮಿಗೆ ಮೇಲ್ಮನವಿ ಹೋಗದಂತೆ ತಡೆದ ಪ್ರಸಿದ್ಧ ಶಾಸನ ಬಂದದ್ದೂ ಸಂಸತ್ತಿನ ಅದೇ ಅಧಿವೇಶನದಲ್ಲಿ. ಗುರುಮಠದಲ್ಲಿ ನಮಗೆ ಎರಡನೆಯದನ್ನು ಮಾತ್ರ ಕಲಿಸಿದರು. 1563 ರಲ್ಲಿ ಅವನ ಮಗಳು ಎಲಿಜಬೆತ್ ಆ ಕಾಲು ಎಕರೆಯನ್ನು ಒಂದು ಎಕರೆಗೆ ಏರಿಸಿದಳು. ಬೆಳೆಯದವನಿಗೆ ದಂಡ! ಇಂದು ಬೆಳೆದವನಿಗೆ ಸೆರೆಮನೆಯಿರುವ ದೇಶದಲ್ಲಿ ಕುಳಿತು ಓದುವವನಿಗೆ ಇದು ವಿಚಿತ್ರವೆನಿಸುತ್ತದೆ.

ಹಾಗಾದರೆ ಮಗ ಹೇಳಿದ್ದು ಸರಿಯೇ? ಅರ್ಧ ಸರಿ. ಗಿಡ ಅದೇ, ಗುಣ ಬೇರೆ. ಯುರೋಪಿನ ತಂಪು ನೆಲದಲ್ಲಿ ನೂರಾರು ವರ್ಷಗಳಿಂದ ನಾರಿಗಾಗಿಯೇ ಆರಿಸಿ ಬೆಳೆದ ತಳಿಯಲ್ಲಿ ಅಮಲು ತರುವ ಅಂಶ ತೀರ ಕಡಿಮೆ. ಅದನ್ನು ಸೇದಿದವನಿಗೆ ಸಿಗುವುದು ಕೆಮ್ಮು ಮಾತ್ರ. ಲಿನೇಯಸ್ 1753 ರಲ್ಲಿ ಹೆಸರಿಟ್ಟದ್ದು ಈ ಗಿಡಕ್ಕೆ. ಭಾರತದಿಂದ ಹೋದ ಮಾದರಿಗಳನ್ನು ಪರೀಕ್ಷಿಸಿದ ಫ್ರಾನ್ಸಿನ ಲಮಾರ್ಕ್ 1785 ರಲ್ಲಿ ಇದು ಬೇರೆಯೇ ಜಾತಿಯೆಂದು ‘ಇಂಡಿಕಾ’ ಎಂಬ ಹೆಸರು ಕೊಟ್ಟ. 1839 ರಲ್ಲಿ ಕಲ್ಕತ್ತೆಯ ವೈದ್ಯ ಓಷಾಗ್ನೆಸಿ ಅದರ ಔಷಧಗುಣವನ್ನು ಪ್ರಕಟಿಸಿದ ಮೇಲೆಯೇ ಯುರೋಪಿನ ಔಷಧದ ಅಂಗಡಿಗಳಿಗೆ ನಮ್ಮ ಗಾಂಜಾ ಪ್ರವೇಶಿಸಿತು. ಅಮಲಿನ ಮೂಲವಾದ ಟಿಎಚ್‌ಸಿ ಎಂಬ ಅಂಶವನ್ನು ಇಸ್ರೇಲಿನ ವಿಜ್ಞಾನಿಗಳಾದ ಗಾವೋನಿ ಮತ್ತು ಮೆಕೂಲಮ್ ಬೇರ್ಪಡಿಸಿ ತೋರಿಸಿದ್ದು 1964 ರಲ್ಲಿ.

1893-94 ರಲ್ಲಿ ಬ್ರಿಟಿಷ್ ಸರ್ಕಾರ ನಮ್ಮ ದೇಶದಲ್ಲಿ ಗಾಂಜಾ, ಭಂಗಿ, ಚರಸ್ಸುಗಳ ಬಗ್ಗೆ ಒಂದು ಆಯೋಗವನ್ನು ನೇಮಿಸಿ 1,193 ಸಾಕ್ಷಿಗಳನ್ನು ವಿಚಾರಿಸಿತು. ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ಅತಿಯಾದರೆ ಕೇಡು, ಪೂರ್ಣ ನಿಷೇಧ ಬೇಡ ಎಂಬುದು ಅದರ ಅಭಿಪ್ರಾಯ. ಗಾಂಜಾ ಪರ ವಾದಿಸುವವರೆಲ್ಲ ಇಂದಿಗೂ ಆ ವರದಿಯನ್ನೇ ಎತ್ತುತ್ತಾರೆ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಅದರಲ್ಲಿ ಬರುವ ಬಂಗಾಳದ ನೌಗಾಂವ್ ಪ್ರದೇಶದ ವಿವರ. ಅಲ್ಲಿ ರೈತರು ‘ಪೊದ್ದಾರ್’ ಎಂಬ ಪರಿಣತನನ್ನು ಕರೆಸುತ್ತಿದ್ದರು. ಅವನು ಹೊಲದಲ್ಲಿ ನಡೆಯುತ್ತ ಗಂಡು ಗಿಡಗಳನ್ನು ಗುರುತಿಸುತ್ತಿದ್ದ, ಅವೆಲ್ಲವನ್ನೂ ಕಿತ್ತೆಸೆಯಲಾಗುತ್ತಿತ್ತು. ಪರಾಗ ಸಿಗದ ಹೆಣ್ಣು ಗಿಡ ಬೀಜ ಕಟ್ಟುವುದಿಲ್ಲ. ಅದರ ಹೂಗೊಂಚಲಿನಲ್ಲಿ ಅಂಟು ತುಂಬುತ್ತದೆ, ಅಮಲೂ ತುಂಬುತ್ತದೆ.

ಇದನ್ನು ಓದಿದಾಗ ಆ ತಾಯಿಗೆ ಕೊಡಬೇಕಾದ ಉತ್ತರ ನನಗೆ ಸಿಕ್ಕಿತೆನಿಸಿತು. ಇಂಗ್ಲೆಂಡಿನ ಗೃಹಿಣಿಯೂ ಗಂಡು ಹೆಣ್ಣುಗಳನ್ನು ಬೇರ್ಪಡಿಸಿದಳು, ಬಂಗಾಳದ ಪೊದ್ದಾರನೂ ಬೇರ್ಪಡಿಸಿದ. ಅವಳು ಬೀಜಕ್ಕಾಗಿ ಹೆಣ್ಣನ್ನು ಉಳಿಸಿದಳು, ಇವನು ಬೀಜವೇ ಆಗಬಾರದೆಂದು ಗಂಡನ್ನು ಕಿತ್ತ. ಇಂದು ಕಿಟಕಿಯ ಕುಂಡದಲ್ಲಿ ಮೂರು ಗಿಡ ಬೆಳೆಸುವವನು ನಡೆಯುವುದು ಪೊದ್ದಾರನ ದಾರಿಯಲ್ಲಿ, ಸನ್ಯಾಸಿಯ ದಾರಿಯಲ್ಲಲ್ಲ. ಅದೂ ಆ ಪೊದ್ದಾರನು ಕನಸಿನಲ್ಲೂ ಕಾಣದ ತಳಿಗಳಿಂದ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನ ಪರೀಕ್ಷೆಗಳ ಪ್ರಕಾರ 1995 ರಲ್ಲಿ ಶೇಕಡಾ 4 ರಷ್ಟಿದ್ದ ಟಿಎಚ್‌ಸಿ 2014 ರ ವೇಳೆಗೆ ಶೇಕಡಾ 12 ರಷ್ಟಾಗಿತ್ತು.

ಹಿತ್ತಲಿನಿಂದ ಹೆಂಪನ್ನು ಓಡಿಸಿದ್ದು ಕಾನೂನೆಂದು ಹಲವರು ತಿಳಿದಿದ್ದಾರೆ. ಹತ್ತಿ, ಉಗಿಹಡಗು ಮತ್ತು ಬಂಗಾಳದ ಸೆಣಬು ಆ ಕೆಲಸವನ್ನು ಬಹುಮಟ್ಟಿಗೆ 19ನೆಯ ಶತಮಾನದಲ್ಲೇ ಮುಗಿಸಿದ್ದವು. ಕಾನೂನು ಬಂದದ್ದು ಆಮೇಲೆ, ಗಾಂಜಾದ ಮೇಲೆ. ನಾರಿನ ಗಿಡವೂ ಅದರ ಜೊತೆಗೆ ಸಿಕ್ಕಿಬಿತ್ತು. ಜರ್ಮನಿಯಲ್ಲಿ ನಾರಿನ ಹೆಂಪಿಗೆ ಮತ್ತೆ ಅನುಮತಿ ಸಿಕ್ಕಿದ್ದು 1996 ರಲ್ಲಿ. ಅಮಲಿನ ಗಿಡಕ್ಕೆ 2024 ರ ಏಪ್ರಿಲ್ 1 ರಂದು ಬಾಗಿಲು ತೆರೆಯಿತು. ಹದಿನೆಂಟು ವರ್ಷ ಮೀರಿದವರು ತಾವು ವಾಸಿಸುವ ಮನೆಯಲ್ಲಿ ಸ್ವಂತ ಬಳಕೆಗೆ ಮೂರು ಗಿಡಗಳನ್ನು ಬೆಳೆಸಬಹುದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬೆಳೆದದ್ದನ್ನು ಮಾರುವುದಿರಲಿ, ಯಾರಿಗೂ ಉಚಿತವಾಗಿಯೂ ಕೊಡಬಾರದು. ಆ ದೇಶದ ನಗರಗಳ ಅಂಚಿನಲ್ಲಿ ಜನರು ಗುತ್ತಿಗೆಗೆ ಹಿಡಿದು ತರಕಾರಿ ಬೆಳೆಯುವ ಲಕ್ಷಾಂತರ ಸಣ್ಣ ತೋಟಗಳಿವೆ. ಅಲ್ಲಿ ಯಾರೂ ವಾಸಿಸುವುದಿಲ್ಲವಾದ್ದರಿಂದ ಅಲ್ಲಿ ಈ ಗಿಡಕ್ಕೆ ಅನುಮತಿಯಿಲ್ಲ. ಹೀಗೆ ಕೋಸಿನ ಪಾತಿಯ ಪಕ್ಕದಲ್ಲಿ ಬೆಳೆದ ಗಿಡವನ್ನು ಕಾನೂನೇ ಕೋಸಿನಿಂದ ಬೇರ್ಪಡಿಸಿ ಮನೆಯೊಳಗೆ ಕೂಡಿಹಾಕಿದೆ.

ನಮ್ಮ ನಾಡಿನ ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಭಾರತದ 1985 ರ ಮಾದಕ ವಸ್ತುಗಳ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ಹತ್ತು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಹಿತ್ತಲಿನ ಕುಂಡಕ್ಕೆಂದು ಅದರಲ್ಲಿ ವಿನಾಯಿತಿಯಿಲ್ಲ. ಹೊರದೇಶದಲ್ಲಿ ಕಂಡ ಅಭ್ಯಾಸವನ್ನು ತಾರಸಿಯ ಮೇಲೆ ಮುಂದುವರಿಸಬಹುದೆಂದು ನಂಬಿದ ಒಬ್ಬ ಯುವಕನ ಮನೆಯವರ ಕಣ್ಣೀರನ್ನು ನಾನು ಕಂಡಿದ್ದೇನೆ. ಇನ್ನು ಧರ್ಮಸಭೆಯ ನಿಲುವು: ಚಿಕಿತ್ಸೆಯ ಅಗತ್ಯವನ್ನು ಬಿಟ್ಟರೆ ಮಾದಕ ವಸ್ತುಗಳ ಬಳಕೆ ಗುರುತರವಾದ ತಪ್ಪೆಂದು ನಮ್ಮ ಧರ್ಮೋಪದೇಶ ಹೇಳುತ್ತದೆ. ‘ಹಗುರ’ವೆನಿಸುವ ಮಾದಕಗಳನ್ನು ಕಾನೂನುಬದ್ಧಗೊಳಿಸುವುದನ್ನೂ ದಿವಂಗತ ಪೋಪ್ ಫ್ರಾನ್ಸಿಸರು 2014 ರ ಜೂನಿನಲ್ಲಿ ರೋಮಿನಲ್ಲಿ ವಿರೋಧಿಸಿ ಮಾತನಾಡಿದ್ದರು. ಆದರೆ ಅದೇ ಭಾಷಣದಲ್ಲಿ ಅವರು ಯುವಜನರಿಗೆ ಉದ್ಯೋಗ, ಶಿಕ್ಷಣ, ಕ್ರೀಡೆಗಳ ಅವಕಾಶ ಸಿಗಬೇಕೆಂದದ್ದನ್ನು ನಾವು ಉಪದೇಶಕರು ಹೇಳಲು ಮರೆಯುತ್ತೇವೆ.

ಮುಂದಿನ ಭಾನುವಾರ ಆ ತಾಯಿಗೆ ಇಷ್ಟನ್ನು ಸರಳವಾಗಿ ಹೇಳಿದೆ. ಪುಂಡಿಯ ವಿಷಯದಲ್ಲಿ ಅವರಿಗೆ ಸಮಾಧಾನವೂ ಸಿಕ್ಕಿತು. ಅವರ ಕಣ್ಣು ಮೋಸಹೋದದ್ದರಲ್ಲಿ ತಪ್ಪಿಲ್ಲ, ಲಿನೇಯಸನಿಗೂ ಹಾಗೆಯೇ ಕಂಡಿತ್ತು. ಪುಂಡಿಯ ಎಲೆ ಗಾಂಜಾದ ಎಲೆಯಂತಿರುವುದರಿಂದಲೇ ಅದಕ್ಕೆ ‘ಹಿಬಿಸ್ಕಸ್ ಕ್ಯಾನಬಿನಸ್’ ಎಂಬ ಹೆಸರು. ಸೊಪ್ಪು ಪಲ್ಯಕ್ಕೆ, ದಂಟಿನ ನಾರು ಹಗ್ಗಕ್ಕೆ. ಯುರೋಪಿನ ಹಿತ್ತಲಲ್ಲಿ ಹೆಂಪ್ ಮಾಡಿದ ಕೆಲಸವನ್ನು ನಮ್ಮ ಉತ್ತರ ಕರ್ನಾಟಕದ ಹಿತ್ತಲಲ್ಲಿ ಪುಂಡಿ ಮಾಡಿತು.

“ಆ ಟೊಮೇಟೊ ಗಿಡಗಳನ್ನು ಹೊರಗಿಟ್ಟನೇ?” ಎಂದು ಕೇಳಿದೆ.

“ಇಲ್ಲ ಫಾದರ್, ಅಲ್ಲಿನವರು ಯಾರೋ ಸಂತರ ಹಬ್ಬ ಕಳೆಯಲಿ ಅಂದರಂತೆ.”

ನನಗೆ ನಗು ಬಂತು. ಮೇ 11 ರಿಂದ 15 ರವರೆಗೆ ಬರುವ ಸಂತ ಮಮೆರ್ತುಸ್, ಪಂಕ್ರಾಸ್, ಸೆರ್ವಾಸಿಯುಸ್, ಬೋನಿಫಾಸ್ ಮತ್ತು ಸೋಫಿಯಾ ಅಲ್ಲಿನ ತೋಟಗಾರರಿಗೆ ‘ಹಿಮದ ಸಂತರು’. ಆ ದಿನಗಳು ಕಳೆಯುವವರೆಗೆ ಮತ್ತೊಮ್ಮೆ ಹಿಮ ಬೀಳುವ ಭಯವಿರುವುದರಿಂದ ಎಳೆಯ ಸಸಿಗಳನ್ನು ಹೊರಗಿಡುವುದಿಲ್ಲ. ದೇವಾಲಯಕ್ಕೆ ಹೋಗದವರೂ ಈ ಐವರ ಹೆಸರನ್ನು ನೆನಪಿಟ್ಟಿರುತ್ತಾರೆ.

“ಮಗನಿಗೆ ಇತಿಹಾಸವನ್ನೆಲ್ಲ ಹೇಳಬೇಡಿ ಅಮ್ಮಾ. ಆ ಗಿಡ ಯಾತಕ್ಕೆ ಬೇಕಾಯಿತು ಅಂತ ಒಂದೇ ಮಾತು ಕೇಳಿ,” ಎಂದೆ.

ಅವರು ಕೇಳಿದರಂತೆ. ಆರು ತಿಂಗಳಿಂದ ರಾತ್ರಿ ಮೂರು ಗಂಟೆಯಾದರೂ ನಿದ್ದೆ ಬರುತ್ತಿಲ್ಲವೆಂಬುದು, ಕಂಪನಿಯಲ್ಲಿ ಕೆಲಸ ಉಳಿಯುವ ಭರವಸೆಯಿಲ್ಲವೆಂಬುದು ಅಂದು ಹೊರಬಿದ್ದಿತು. ಫೋನಿನಲ್ಲಿ ಎರಡು ಗಂಟೆ ಮಾತಾಯಿತು. ಆಗಸ್ಟಿನಲ್ಲಿ ಆತ ರಜೆ ಹಾಕಿ ಬಂದು ಮೂರು ವಾರ ಊರಲ್ಲಿದ್ದು ಹೋದ. ಹೋಗುವ ಮೊದಲು ಗುರುನಿವಾಸಕ್ಕೂ ಬಂದಿದ್ದ. ತನ್ನ ಟೊಮೇಟೊಗಳ ಬಗ್ಗೆ ಬಹಳ ಹೊತ್ತು ಮಾತನಾಡಿದ. ಇನ್ನೊಂದು ಗಿಡದ ಬಗ್ಗೆ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿದ್ದೆ ಹೇಗಿದೆಯೆಂದು ಮಾತ್ರ ಕೇಳಿದೆ.